ಫೋನ್ ತಾನೇ, ಬಿಡಿ ಸಾರ್

ನೆಟ್‌ವರ್ಕ್ ಬಿದ್ದರೆ ಏನು ಮಾಡಬೇಕು ಎಂದು ದೊಡ್ಡ ಸಂಸ್ಥೆಗಳೆಲ್ಲ ಒಂದು ಕೈಪಿಡಿ ಬರೆಸಿ ಇಟ್ಟಿರುತ್ತವೆ. ಬಣ್ಣದ ಚಿತ್ರಗಳೆಲ್ಲ ಇರುತ್ತವೆ, ನೋಡೋಕೆ ಚೆನ್ನಾಗಿರುತ್ತದೆ. ಅದನ್ನು ಇಟ್ಟಿರುವುದು ಮಾತ್ರ ಅದೇ ನೆಟ್‌ವರ್ಕಿನ ಸರ್ವರಿನಲ್ಲಿ. ತೆರೆಯಲು ಆಗದಿದ್ದರೆ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿ ಎಂದು ಆ ಕೈಪಿಡಿಯ ಮೊದಲ ಪುಟದಲ್ಲಿದೆ. ಹೆಲ್ಪ್‌ಡೆಸ್ಕಿನ ಫೋನ್ ಓಡುವುದೂ ಅದೇ ನೆಟ್‌ವರ್ಕಿನಲ್ಲಿ. "ಇಮೇಲ್ ಸದ್ಯ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಸಹಕರಿಸಿ" ಎಂದು ಐಟಿ ವಿಭಾಗ ಎಲ್ಲರಿಗೂ ಇಮೇಲ್ ಕಳಿಸುತ್ತದೆ. ಎಲ್ಲ ಸರಿಹೋದ ಮೇಲೆ ಅದು ಬಂದು ಸೇರುತ್ತದೆ. ನಾವು ಸಹಕರಿಸುತ್ತೇವೆ.

ಇದು ಸಣ್ಣಪುಟ್ಟ ಕಚೇರಿಗಳ ಪಾಡು ಅಂದುಕೊಳ್ಳಬೇಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು 6 ಗಂಟೆ ಕಾಲ ಮಾಯವಾದವು. ಮಾಮೂಲಿ ನಿರ್ವಹಣೆಗೆಂದು ಕೊಟ್ಟ ಒಂದು ಕಮಾಂಡ್ ಅವರ ಡೇಟಾ ಸೆಂಟರುಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತ್ತು. ಇಂಥ ಕಮಾಂಡುಗಳನ್ನು ತಡೆಯೋಕೆ ಅಂತಲೇ ಒಂದು ಸಾಫ್ಟ್‌ವೇರ್ ಇತ್ತು. ಅದರಲ್ಲೇ ಬಗ್ ಇತ್ತು. ದುರಸ್ತಿಗೆ ಬೇಕಾದ ಉಪಕರಣಗಳೂ ನೆಟ್‌ವರ್ಕಿನ ಜೊತೆಗೇ ಮಲಗಿದವು. ಕೊನೆಗೆ ಇಂಜಿನಿಯರುಗಳನ್ನು ಖುದ್ದು ಡೇಟಾ ಸೆಂಟರಿಗೆ ಕಳಿಸಿದರು. ಯಾರೂ ಸುಲಭವಾಗಿ ಒಳಗೆ ಬರಬಾರದು ಎಂದು ಕಟ್ಟಿದ ಕಟ್ಟಡ ಅದು. ಇವರಿಗೂ ಸುಲಭವಾಗಿ ಒಳಗೆ ಹೋಗಲಾಗಲಿಲ್ಲ. ಭದ್ರತೆ ಅಂದರೆ ಹಾಗಿರಬೇಕು ನೋಡಿ.

ಮರುವರ್ಷ, 2022ರ ಜುಲೈ 8ರಂದು, ಕೆನಡಾದ ರೋಜರ್ಸ್ ಕಂಪನಿಯ ಸರದಿ. ಮೊಬೈಲು, ಇಂಟರ್ನೆಟ್ಟು, ಫೋನು ಎಲ್ಲವೂ ಒಟ್ಟಿಗೆ ನಿಂತು 1.2 ಕೋಟಿಗೂ ಜಾಸ್ತಿ ಗ್ರಾಹಕರು ಕೈಕಟ್ಟಿ ಕೂತರು. ಎಷ್ಟೋ ಜನರಿಗೆ ತುರ್ತು ಕರೆಯೂ ಹೋಗಲಿಲ್ಲ. ಸರಿಮಾಡಬೇಕಾದ ಸಿಬ್ಬಂದಿಯ ಕೈಯಲ್ಲಿದ್ದ ಫೋನುಗಳೂ ಬಹುಪಾಲು ಅದೇ ಕಂಪನಿಯವು. ಒಬ್ಬರನ್ನೊಬ್ಬರು ಹುಡುಕುವುದೇ ಒಂದು ಕೆಲಸವಾಯಿತು. ನನಗೆ ತುಂಬಾ ಇಷ್ಟವಾದದ್ದು ಇದರ ಹಿಂದಿನ ಲೆಕ್ಕಾಚಾರ. ನೆಟ್‌ವರ್ಕಿನಲ್ಲಿ 7 ಹಂತಗಳಲ್ಲಿ ಮಾಡುತ್ತಿದ್ದ ಬದಲಾವಣೆ ಅದು. ಶುರುವಿನಲ್ಲಿ ಅಪಾಯ 'ಹೆಚ್ಚು' ಎಂದು ಗುರುತು ಹಾಕಿದ್ದರು. ಮೊದಲ ಹಂತಗಳು ಸುಸೂತ್ರವಾಗಿ ಮುಗಿದವು. ಹಾಗಾಗಿ 6ನೇ ಹಂತಕ್ಕೆ ಬರುವಷ್ಟರಲ್ಲಿ ಅವರ ಲೆಕ್ಕದ ಸಾಫ್ಟ್‌ವೇರ್ ಅದನ್ನು 'ಕಡಿಮೆ'ಗೆ ಇಳಿಸಿತ್ತು. ಬಿದ್ದದ್ದು ಆ 6ನೇ ಹಂತದಲ್ಲೇ. ಇಲ್ಲಿವರೆಗೂ ಏನೂ ಆಗಿಲ್ವಲ್ಲ, ಇನ್ನೇನಾಗುತ್ತೆ ಅನ್ನುವ ಧೈರ್ಯ ಮನುಷ್ಯರಿಗೆ ಮಾತ್ರ ಇರುತ್ತದೆ ಅಂತ ಅಂದುಕೊಂಡಿದ್ದೆ.

ಇರಲಿ, ಅವು ದೊಡ್ಡವರ ಕಥೆಗಳು. ನನ್ನ ಕಣ್ಣು ಇರುವುದು ಮೇಜಿನ ಮೇಲೆ ಧೂಳು ತಿನ್ನುತ್ತಾ ಕೂತಿರುವ ಆ ಕಪ್ಪು ಐಪಿ ಫೋನಿನ ಮೇಲೆ, ಅಂದರೆ ಹಳೇ ಟೆಲಿಫೋನ್ ತಂತಿಯ ಬದಲು ಕಚೇರಿಯ ನೆಟ್‌ವರ್ಕಿನಲ್ಲೇ ಮಾತು ಸಾಗಿಸುವ ಫೋನಿನ ಮೇಲೆ.

ನೋಡೋಕೆ ಫೋನ್. ರಿಸೀವರ್ ಇದೆ, ಗುಂಡಿಗಳಿವೆ, ಸುರುಳಿ ವೈರೂ ಇದೆ. ಒಳಗೆ ಅದು ಅಪ್ಪಟ ಕಂಪ್ಯೂಟರ್. ಪ್ರೊಸೆಸರ್ ಇದೆ, ಮೆಮೊರಿ ಇದೆ, ಆಪರೇಟಿಂಗ್ ಸಿಸ್ಟಂ ಇದೆ, ಬ್ರೌಸರಿನಲ್ಲಿ ತೆರೆಯಬಹುದಾದ ಅದರದೇ ಒಂದು ಸೆಟ್ಟಿಂಗ್ ಪುಟವೂ ಇದೆ. ನೀವು "ಹಲೋ" ಅಂದರೆ ಆ ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಸೆಕೆಂಡಿಗೆ 50 ಪ್ಯಾಕೆಟ್ ಮಾಡಿ ನೆಟ್‌ವರ್ಕಿಗೆ ತಳ್ಳುತ್ತದೆ. ಇಷ್ಟೆಲ್ಲ ಮಾಡಿದರೂ ಕಚೇರಿಯ ಲೆಕ್ಕದಲ್ಲಿ ಅದು ಫೋನೇ. ಐಟಿಯವರನ್ನು ಕೇಳಿದರೆ, "ಅದು ಟೆಲಿಫೋನು, ಮೇಂಟೆನೆನ್ಸ್‌ನವರದ್ದು" ಅನ್ನುತ್ತಾರೆ. ಮೇಂಟೆನೆನ್ಸ್‌ನವರನ್ನು ಕೇಳಿದರೆ, "ಅದಕ್ಕೆ ಐಪಿ ಅಡ್ರೆಸ್ ಇದೆಯಲ್ಲ, ಐಟಿಯವರದ್ದು" ಅನ್ನುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಕೂಸಿನ ಸಾಫ್ಟ್‌ವೇರನ್ನು ತಂದು ಕೂರಿಸಿದ ದಿನದಿಂದ ಇವತ್ತಿನವರೆಗೆ ಯಾರೂ ಅಪ್‌ಡೇಟ್ ಮಾಡಿಲ್ಲ.

ಈಗ ಇದೇ ಕಚೇರಿಗೆ ನೀವು ಅತಿಥಿಯಾಗಿ ಹೋಗಿ. ವೈಫೈ ಬೇಕು ಅನ್ನಿ. ಒಂದು ಫಾರಂ ತುಂಬಬೇಕು. ಮೊಬೈಲಿಗೆ ಒಟಿಪಿ ಬರಬೇಕು. ನಿಮ್ಮನ್ನು ಕರೆದವರು ಒಪ್ಪಿಗೆ ಕೊಡಬೇಕು. ಅಷ್ಟಾದ ಮೇಲೆ ಸಿಗುವ ಸಂಪರ್ಕದಲ್ಲಿ ಒಳಗಿನ ಯಾವ ಸರ್ವರೂ ಕಾಣುವುದಿಲ್ಲ. ಸರಿಯಾದ ಕ್ರಮವೇ, ತಕರಾರಿಲ್ಲ. ಆದರೆ ನೀವು ಕಾಯುತ್ತಾ ಕೂತ ಸೋಫಾದ ಪಕ್ಕದ ಸ್ಟೂಲಿನ ಮೇಲೆ ಒಂದು ಐಪಿ ಫೋನ್ ಇದೆ. ಅದರ ಬೆನ್ನಿಗೆ ಒಂದು ಕೇಬಲ್ ಸಿಕ್ಕಿಸಿದ್ದಾರೆ. ಆ ಕೇಬಲ್ ಇನ್ನೊಂದು ತುದಿಯಲ್ಲಿ ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಸ್ವಿಚ್ ಎಂಬ ಒಳಗಿನ ಪೆಟ್ಟಿಗೆಗೇ ಸೇರಿದೆ. ಫೋನಿಂದ ಕಿತ್ತು ಲ್ಯಾಪ್‌ಟಾಪಿಗೆ ಹಾಕಿದರೆ ಏನಾಗುತ್ತೆ ಎಂದು ಯಾರೂ ಕೇಳಿಲ್ಲ. ಕೇಳಿದರೆ ಉತ್ತರ ಗೊತ್ತಾಗಿಬಿಡುತ್ತದಲ್ಲ.

ಕೆಲವು ಜಾಗ್ರತೆಯ ಕಚೇರಿಗಳಲ್ಲಿ ಸ್ವಿಚ್ ಕೇಳುತ್ತದೆ: ನೀನು ಯಾರಪ್ಪಾ? ಲ್ಯಾಪ್‌ಟಾಪು ಸರ್ಟಿಫಿಕೇಟ್ ಎಂಬ ಡಿಜಿಟಲ್ ಗುರುತಿನ ಚೀಟಿ ತೋರಿಸಬೇಕು. ಫೋನುಗಳಿಗೂ ಅದನ್ನು ಕೂರಿಸಬಹುದು, ಆದರೆ ಕೂರಿಸುವ ಕೆಲಸ ಯಾರದು ಎಂದು ತೀರ್ಮಾನವಾಗಿಲ್ಲ. ಹಾಗಾಗಿ ಫೋನಿಗೆ ರಿಯಾಯಿತಿ. ತನ್ನ ಮ್ಯಾಕ್ ಅಡ್ರೆಸ್, ಅಂದರೆ ತಯಾರಕರು ಕೊಟ್ಟ ಗುರುತಿನ ಸಂಖ್ಯೆ ಹೇಳಿದರೆ ಸಾಕು, ಬಿಟ್ಟುಬಿಡುತ್ತದೆ. ಲ್ಯಾಪ್‌ಟಾಪಿನಿಂದಲೂ ಅದೇ ಅಡ್ರೆಸ್ ಹೇಳಿಸೋದು ಕಷ್ಟವೇನಲ್ಲ. ಫೋನಿನ ಆ ಗುಟ್ಟಿನ ಅಡ್ರೆಸ್ ಎಲ್ಲಿದೆ ಅಂತೀರಾ? ಫೋನನ್ನು ತಿರುಗಿಸಿ ನೋಡಿ. ತಳದಲ್ಲಿ ಬಿಳಿ ಸ್ಟಿಕ್ಕರ್ ಅಂಟಿಸಿದ್ದಾರೆ. ಬಾರ್‌ಕೋಡ್ ಸಮೇತ, ಓದೋಕೆ ತೊಂದರೆ ಆಗದಿರಲಿ ಅಂತ. ಬಹಳ ಕಡೆ ಫೋನ್ ಆನ್ ಆದಾಗ ಇದೇ ಅಡ್ರೆಸ್ ಹೆಸರಿನ ಒಂದು ಫೈಲನ್ನು ಸರ್ವರಿನಿಂದ ತರಿಸಿಕೊಳ್ಳುತ್ತದೆ. ಎಕ್ಸ್‌ಟೆನ್ಷನ್ ನಂಬರು, ಅದರ ಪಾಸ್‌ವರ್ಡು ಎಲ್ಲ ಅದರಲ್ಲೇ ಇರುತ್ತವೆ. ಫೈಲು ಬರುವುದು ಟಿಎಫ್‌ಟಿಪಿ ಎಂಬ ಹಳೇ ಪದ್ಧತಿಯಲ್ಲಿ. ಅದರಲ್ಲಿ ಪಾಸ್‌ವರ್ಡ್ ಕೇಳುವ ಏರ್ಪಾಡೇ ಇಲ್ಲ. ಹೆಸರು ಹೇಳಿದವರಿಗೆ ಫೈಲು.

ಹಾಗಾದರೆ ಭದ್ರತಾ ವಿಭಾಗ ಏನು ಮಾಡುತ್ತಿದೆ? ಪಾಪ, ಅವರಿಗೆ ಪುರಸೊತ್ತಿಲ್ಲ. ನಮ್ಮೆಲ್ಲರ ಕೈಲಿ ಪಾಸ್‌ವರ್ಡ್ ಬದಲಾವಣೆ ಮಾಡಿಸುವ ಕೆಲಸದಲ್ಲಿದ್ದಾರೆ. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ, 90 ದಿನಕ್ಕೊಮ್ಮೆ ಹೊಸದು. ಈ ವ್ರತದ ಮೂಲ ಹುಡುಕಿದರೆ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2004ರಲ್ಲಿ ತಂದ ಒಂದು ಮಾರ್ಗಸೂಚಿ ಸಿಗುತ್ತದೆ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ಅದರಲ್ಲಿ ಬರೆದ ಬಹುಪಾಲಿಗೆ ಈಗ ಪಶ್ಚಾತ್ತಾಪ ಪಡುತ್ತಿದ್ದೇನೆ ಎಂದು ಪತ್ರಿಕೆಯ ಮುಂದೆ ಹೇಳಿಕೊಂಡರು. ಅದೇ ವರ್ಷ ನಿಸ್ಟ್ ಕೂಡ ತನ್ನ ಮಾತು ತಿದ್ದಿಕೊಂಡಿತು: ಸುಮ್ನೆ ಅವಧಿ ಮುಗಿಯಿತೆಂದು ಪಾಸ್‌ವರ್ಡ್ ಬದಲಾಯಿಸಲು ಒತ್ತಾಯಿಸಬೇಡಿ, ಸೋರಿಹೋದ ಸುಳಿವಿದ್ದರೆ ಮಾತ್ರ ಬದಲಾಯಿಸಿ. ಬರೆದವರು ಬಿಟ್ಟರು, ಹೊರಡಿಸಿದವರು ಬಿಟ್ಟರು. ಪಾಲಿಸುವವರು ಬಿಡುತ್ತಿಲ್ಲ.

ಆ ಕಡೆ ಫೋನಿನ ಪಾಸ್‌ವರ್ಡಿಗೆ ಯಾವ ವ್ರತವೂ ಇಲ್ಲ. ಎಕ್ಸ್‌ಟೆನ್ಷನ್ 101, ಪಾಸ್‌ವರ್ಡ್ 101. ಮ್ಯಾನೇಜರ್ ಸಾಹೇಬರದ್ದು ಮಾತ್ರ 1234, ಹುದ್ದೆಗೆ ತಕ್ಕಂತೆ ಒಂದಂಕಿ ಹೆಚ್ಚು.

ಹೊರಗೆ ಕಾದು ಕೂತವರಿಗೆ ಇದು ಚೆನ್ನಾಗಿ ಗೊತ್ತು. ಇಂಟರ್ನೆಟ್ ಫೋನುಗಳು ಕರೆ ಜೋಡಿಸಲು ಬಳಸುವ ಸಿಪ್ ಎಂಬ ಪ್ರೊಟೊಕಾಲ್ ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ನೆಟ್‌ವರ್ಕ್ ಬಾಗಿಲಿನಲ್ಲಿ, ಕಿವಿಗೊಟ್ಟು ಕೂತಿರುತ್ತದೆ. ಆ ಪೋರ್ಟನ್ನು ಜಗತ್ತಿಗೆಲ್ಲ ತೆರೆದಿಟ್ಟು, ಯಾರ್ಯಾರು ಬಂದರೆಂದು ದಾಖಲಾಗುವ ಲಾಗ್ ನೋಡಿ. ಯಾವುದೋ ಪ್ರೋಗ್ರಾಂ ಬಂದು 100 ಇದ್ದಾರಾ, 101 ಇದ್ದಾರಾ, 102 ಇದ್ದಾರಾ ಎಂದು ಒಂದೊಂದೇ ಬಾಗಿಲು ತಟ್ಟುತ್ತಾ ಹೋಗಿರುತ್ತದೆ. ಅದರಲ್ಲೊಂದು ತನ್ನ ಹೆಸರನ್ನು 'ಫ್ರೆಂಡ್ಲಿ ಸ್ಕ್ಯಾನರ್' ಎಂದೇ ಹೇಳಿಕೊಳ್ಳುತ್ತದೆ. ಯಾವುದೋ ಒಂದು ಬಾಗಿಲು ತೆರೆದುಕೊಳ್ಳುತ್ತದೆ. ಬಂದವರು ಆಗಲೇ ಏನೂ ಮಾಡುವುದಿಲ್ಲ. ವಾರದ ಕೊನೆಯ ಸಂಜೆ ಎಲ್ಲರೂ ಮನೆಗೆ ಹೋಗಲಿ ಎಂದು ಕಾಯುತ್ತಾರೆ.

ಆಮೇಲೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಎಲ್ಲೋ ದೂರದ ದೇಶದಲ್ಲಿ ನಿಮಿಷಕ್ಕೆ ದುಬಾರಿ ದರ ಬೀಳುವ ಕೆಲವು ನಂಬರುಗಳನ್ನು ಕಳ್ಳರು ಮೊದಲೇ ಹಿಡಿದಿಟ್ಟಿರುತ್ತಾರೆ. ಆ ನಂಬರಿಗೆ ಬಂದ ಪ್ರತಿ ನಿಮಿಷಕ್ಕೂ ಅವರಿಗೆ ಪಾಲು. ಈಗ ನಿಮ್ಮ 101ರಿಂದ ಆ ನಂಬರುಗಳಿಗೆ ಕರೆ ಶುರು. ತಾಮ್ರದ ತಂತಿಯ ಕಾಲದಲ್ಲಿ 4 ಲೈನ್ ಇದ್ದರೆ ಒಂದು ಹೊತ್ತಿಗೆ 4 ಕರೆ, ಅಷ್ಟೇ. ಈಗ ಆ ಗೋಳಿಲ್ಲ. ಮಿತಿ ಹಾಕದಿದ್ದರೆ 101 ಅನ್ನುವ ಒಂದೇ ಎಕ್ಸ್‌ಟೆನ್ಷನ್ ಏಕಕಾಲಕ್ಕೆ ಹತ್ತಾರು ಕರೆ ಮಾಡಬಲ್ಲದು. ಕತ್ತಲೆ ತುಂಬಿದ ಖಾಲಿ ಕಚೇರಿ. ಯಾರೂ ಮಾತಾಡುತ್ತಿಲ್ಲ, ಯಾರೂ ಕೇಳುತ್ತಿಲ್ಲ, ಮೀಟರ್ ಮಾತ್ರ ಓಡುತ್ತಿದೆ. ರಜೆ ಮುಗಿಸಿ ಬಂದವರು ಫೋನ್ ಎತ್ತಿದರೆ ಡಯಲ್ ಟೋನ್ ಎಂದಿನಂತೆ ಇಂಪಾಗಿ ಕೇಳುತ್ತದೆ. ಬಿಲ್ ಬರುವುದು ತಿಂಗಳ ಕೊನೆಗೆ.

ಬಿಲ್ ಬಂದ ಮೇಲೆ ಸಮಿತಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇದೆಯಲ್ಲ, ಆ ಗಾದೆಯ ಜನ ವಾಸಿ. ತಡವಾದರೂ ಬಾಗಿಲಾದರೂ ಹಾಕಿದರು. ಸಮಿತಿ ಮೊದಲು ಕೈಗೆತ್ತಿಕೊಂಡ ಪ್ರಶ್ನೆ, 101ರಲ್ಲಿ ಕೂರುವ ಗುಮಾಸ್ತರು ರಜೆಯ ರಾತ್ರಿ ವಿದೇಶದಲ್ಲಿ ಯಾರ ಜೊತೆ ಅಷ್ಟು ಹೊತ್ತು ಮಾತಾಡುತ್ತಿದ್ದರು ಎಂಬುದು.

ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗ ಕೈ ಎತ್ತಿದ. ಬೇಡದವರ ಫೋನಿಗೆ ವಿದೇಶಿ ಕರೆ ಬಂದ್ ಮಾಡೋಣ, ಒಟ್ಟಿಗೆ ಎಷ್ಟು ಕರೆ ಅನ್ನುವುದಕ್ಕೆ ಮಿತಿ ಹಾಕೋಣ, 5060 ಹೊರಗಿನವರಿಗೆ ಕಾಣದ ಹಾಗೆ ಮಾಡೋಣ, ಪಾಸ್‌ವರ್ಡ್ ಉದ್ದ ಇಡೋಣ, ಇಷ್ಟು ಖರ್ಚಾದರೆ ಕರೆ ನಿಲ್ಲಿಸಿ ಅಂತ ಫೋನ್ ಕಂಪನಿಗೂ ಹೇಳೋಣ ಅಂದ. "ಎಷ್ಟು ಹೊತ್ತಿನ ಕೆಲಸ?" ಅಂದರು. "ಒಂದು ಮಧ್ಯಾಹ್ನ ಸಾಕು ಸಾರ್." ಅವನು ಕೆಟ್ಟದ್ದು ಅಲ್ಲಿಯೇ. ಒಂದು ಮಧ್ಯಾಹ್ನದಲ್ಲಿ ಮುಗಿಯುವ, ಏನನ್ನೂ ಕೊಳ್ಳಬೇಕಿಲ್ಲದ ಪರಿಹಾರವನ್ನು ಯಾವ ಸಮಿತಿ ತಾನೇ ನಂಬುತ್ತದೆ? ನೆಟ್‌ವರ್ಕಿಗೆ ಕಾವಲು ಕಾಯುವ, ಕೃತಕ ಬುದ್ಧಿಮತ್ತೆಯ ಫೈರ್‌ವಾಲ್ ಕೊಳ್ಳುವುದೆಂದು ಠರಾವಾಯಿತು. ಅದು ಬಂದಿದೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ. ಫೋನುಗಳ ಲೈನು ಮಾತ್ರ ಅದರ ಮೂಲಕ ಹಾದುಹೋಗುವುದಿಲ್ಲ. ಹಾದರೆ ದನಿ ಕತ್ತರಿಸಿ ಬರುತ್ತದೆ ಎಂದು ಮ್ಯಾನೇಜರ್ ಸಾಹೇಬರು ದೂರು ಕೊಟ್ಟರು.

ದನಿಯ ವಿಷಯ ಬಂತಲ್ಲ, ಒಂದು ಮಾತು. ಬಾಯಿಂದ ಕಿವಿಗೆ ದನಿ ತಲುಪಲು 150 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು ಎಂಬುದು ಐಟಿಯು ಎಂಬ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಅದಕ್ಕೇ ದನಿಯ ಪ್ಯಾಕೆಟ್ಟಿಗೆ 'ಅರ್ಜೆಂಟ್' ಎಂದು ಗುರುತು ಹಾಕಿ ಮುಂದೆ ಬಿಡುವ ವ್ಯವಸ್ಥೆ ಇದೆ. ಇದು ಗೊತ್ತಾದದ್ದೇ ತಡ, ಲೆಕ್ಕಪತ್ರದವರು ನಮ್ಮದೂ ಅರ್ಜೆಂಟ್ ಅಂದರು. ಬ್ಯಾಕಪ್‌ನವರು ನಮ್ಮದೂ ಅಂದರು. ನಿರ್ದೇಶಕರ ಕೋಣೆಯ ವಿಡಿಯೊ ಕೇಳದೆಯೇ ಅರ್ಜೆಂಟ್ ಆಯಿತು. ಈಗ ಎಲ್ಲ ಪ್ಯಾಕೆಟ್ಟುಗಳೂ ವಿಐಪಿಗಳು, ಒಂದೇ ಸಾಲಿನಲ್ಲಿ ನಿಂತಿವೆ. "ಹಲೋ, ಕೇಳಿಸ್ತಿದೆಯಾ?" ಅನ್ನುವುದರಲ್ಲೇ ಅರ್ಧ ಮೀಟಿಂಗ್ ಮುಗಿಯುತ್ತದೆ. ಇನ್ನು ರೂಟರುಗಳಲ್ಲಿ ಸಿಪ್ ಎಎಲ್‌ಜಿ ಎಂಬ ಒಂದು ಸೌಲಭ್ಯವಿದೆ, ಇಂಟರ್ನೆಟ್ ಫೋನಿಗೆ ನೆರವಾಗಲೆಂದೇ ಇಟ್ಟದ್ದು. ಒಂದು ಕಡೆಯ ದನಿ ಕೇಳಿಸದಿದ್ದರೆ ಅನುಭವಸ್ಥರು ಮೊದಲು ಮಾಡುವ ಕೆಲಸ, ಅದನ್ನು ಆಫ್ ಮಾಡುವುದು.

ನಗು ನಿಲ್ಲುವ ಒಂದು ಜಾಗವೂ ಇಲ್ಲಿದೆ. ಹೊರಗಿನ ಕರೆಗೆ ಮೊದಲು 9 ಒತ್ತಿ ಎಂಬ ಪದ್ಧತಿ ಎಷ್ಟೋ ಕಚೇರಿ, ಹೋಟೆಲುಗಳಲ್ಲಿದೆ. 2013ರಲ್ಲಿ ಅಮೆರಿಕದ ಟೆಕ್ಸಸ್‌ನ ಒಂದು ಮೋಟೆಲಿನಲ್ಲಿ ಕರಿ ಹಂಟ್ ಎಂಬಾಕೆಯ ಕೊಲೆಯಾಯಿತು. ಆಕೆಯ 9 ವರ್ಷದ ಮಗಳು ಕೋಣೆಯ ಫೋನಿನಿಂದ ಅಲ್ಲಿನ ತುರ್ತು ನಂಬರು 911ಕ್ಕೆ ಮತ್ತೆ ಮತ್ತೆ ಕರೆ ಮಾಡಿದಳು. ಕರೆ ಹೋಗಲೇ ಇಲ್ಲ. ಅದಕ್ಕೂ ಮೊದಲು 9 ಒತ್ತಬೇಕಿತ್ತು. ತುರ್ತು ನಂಬರಿಗೆ ನೇರವಾಗಿ ಕರೆ ಹೋಗಬೇಕು ಎನ್ನುವ ಕಾನೂನು ಕರಿ ಹಂಟ್ ಹೆಸರಿನಲ್ಲೇ 2018ರಲ್ಲಿ ಬಂತು, 2020ರ ಫೆಬ್ರುವರಿಯಲ್ಲಿ ಜಾರಿಯಾಯಿತು. ಸೆಟ್ಟಿಂಗ್ ಪುಟದ ಒಂದು ಸಾಲು ತಿದ್ದಿಸೋಕೆ ಒಂದು ದೇಶ ಕಾನೂನನ್ನೇ ಮಾಡಬೇಕಾಯಿತು. ಆ ಸಾಲು ಯಾರ ಜವಾಬ್ದಾರಿ ಎಂದು ಅಲ್ಲೂ ಯಾರೂ ಬರೆದಿಟ್ಟಿರಲಿಲ್ಲ ಅಂತ ಕಾಣುತ್ತದೆ.

ನಮ್ಮ ಸಮಿತಿಯ ಕಚೇರಿಗೆ ಕಳೆದ ವಾರ ಆಡಿಟರ್ ಬಂದಿದ್ದರು. ನೆಟ್‌ವರ್ಕಿನಲ್ಲಿರುವ ಕಂಪ್ಯೂಟರುಗಳು ಎಷ್ಟು ಎಂದು ಕೇಳಿದರು, ಪಟ್ಟಿ ಕೊಟ್ಟರು. ಪಟ್ಟಿಯಲ್ಲಿದ್ದ ಎಲ್ಲದಕ್ಕೂ ಆ್ಯಂಟಿವೈರಸ್ ಇತ್ತು, 90 ದಿನದೊಳಗೆ ಬದಲಾದ ಪಾಸ್‌ವರ್ಡ್ ಇತ್ತು. ನೂರಕ್ಕೆ ನೂರು. ಹುಡುಗ ತಡೆಯಲಾಗದೆ, "ಸಾರ್, ಫೋನುಗಳನ್ನೂ ಒಂದ್ಸಲ ನೋಡಿ" ಅಂದ. ಆಡಿಟರ್ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದರು. ಫೋನು ಇರಲಿಲ್ಲ. ಆಸ್ತಿ ಪಟ್ಟಿ ತರಿಸಿದರು. ಅಲ್ಲಿ ಸಿಕ್ಕಿತು, ಕುರ್ಚಿ, ಕಪಾಟು, ಗೋಡೆ ಗಡಿಯಾರಗಳ ಕೆಳಗೆ 'ಪೀಠೋಪಕರಣ ಮತ್ತು ಇತರೆ' ಎಂಬ ತಲೆಬರಹದಲ್ಲಿ. ಪೀಠೋಪಕರಣಕ್ಕೆ ಪಾಸ್‌ವರ್ಡ್ ಇರಬೇಕೆಂಬ ನಿಯಮ ಯಾವ ಮಾನದಂಡದಲ್ಲೂ ಇಲ್ಲ ಎಂದು ಷರಾ ಬರೆದು ಆಡಿಟರ್ ಸಹಿ ಹಾಕಿದರು.