ಗುರುತೇ ಹಿಡಿಯದ ಬೋರ್ಡು

ಹಳೆಯ ಕಂಪ್ಯೂಟರುಗಳು ಆನ್ ಆಗುವಾಗ ಒಂದು ಸಂದೇಶ ತೋರಿಸುತ್ತಿದ್ದವು. 'ಕೀಬೋರ್ಡ್ ಇಲ್ಲ. ಮುಂದುವರಿಯಲು ಎಫ್1 ಒತ್ತಿ.' ಇದನ್ನು ಓದಿ ನಗದವರಿಲ್ಲ. ಇಲ್ಲದ ಕೀಬೋರ್ಡಿನಲ್ಲಿ ಎಫ್1 ಎಲ್ಲಿಂದ ತರೋಣ? ಆದರೆ ಅದನ್ನು ಬರೆದವನು ದಡ್ಡನೇನಲ್ಲ. ಎಲ್ಲೋ ವೈರ್ ಸಡಿಲವಾಗಿರಬೇಕು, ಹಿಂದೆ ಬಗ್ಗಿ ನೋಡು, ಸರಿಯಾಗಿ ಸಿಕ್ಕಿಸು, ಆಮೇಲೆ ಎಫ್1 ಒತ್ತು, ಅಲ್ಲಿವರೆಗೆ ನಾನು ಕಾಯ್ತೀನಿ. ಇಷ್ಟೇ ಅದರ ಅರ್ಥ. ಈಗಿನ ಮದರ್‌ಬೋರ್ಡುಗಳು, ಅಂದರೆ ಕಂಪ್ಯೂಟರಿನ ಭಾಗಗಳೆಲ್ಲ ಸಿಕ್ಕಿಕೊಳ್ಳುವ ಮುಖ್ಯ ಬೋರ್ಡುಗಳು, ಎಷ್ಟೋ ಸಲ ಅಷ್ಟು ಮಾತೂ ಆಡುವುದಿಲ್ಲ. ಪರದೆ ತುಂಬ ಬಣ್ಣಬಣ್ಣದ ಲೋಗೋ. ಕೆಳಗೆ 'ಸೆಟಪ್‌ಗೆ ಡಿಲೀಟ್ ಒತ್ತಿ' ಎಂಬ ಸಾಲು. ನೀವು ಒತ್ತುತ್ತೀರಿ, ಕುಟ್ಟುತ್ತೀರಿ. ಅದು ತನ್ನ ಪಾಡಿಗೆ ಮುಂದೆ ಹೋಗುತ್ತದೆ.

ಅಕ್ಕನ ಮಗ ಈಚೆಗೆ ಸ್ವಂತ ಕೈಯಲ್ಲಿ ಕಂಪ್ಯೂಟರ್ ಜೋಡಿಸಿದ. ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಿ ಬೋರ್ಡ್, ರ್ಯಾಮ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಲ್ಲ ತಂದ. ಮೊದಲ ದಿನ ಎಲ್ಲ ಸರಿಯಿತ್ತಂತೆ. ಆಮೇಲೆ ಫೋನ್ ಬಂತು.

"ಮಾವ, ಬೋರ್ಡ್ ಹೋಯ್ತು. ಕೀಬೋರ್ಡೂ ಡಿಟೆಕ್ಟ್ ಆಗ್ತಿಲ್ಲ, ಮೌಸೂ ಇಲ್ಲ."

"ಮೌಸಿನ ಲೈಟ್ ಉರೀತಿದೆಯೇನೋ?"

"ಉರೀತಿದೆ. ಅದಕ್ಕೇ ಹೇಳಿದ್ದು. ಮೌಸ್ ಚೆನ್ನಾಗಿದೆ, ಬೋರ್ಡೇ ಹಾಳು."

ಮೌಸಿನ ಹೊಟ್ಟೆಯ ಈ ಕೆಂಪು ದೀಪವನ್ನು ನಂಬಿ ಕೆಟ್ಟವರು ಬಹಳ. ಅದು ಉರಿದರೆ 5 ವೋಲ್ಟ್ ಕರೆಂಟ್ ಬರುತ್ತಿದೆ ಅಂತ ಮಾತ್ರ. ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಆಫ್ ಮಾಡಿ ಎಲ್ಲರೂ ಮಲಗಿದ ಮೇಲೂ ಅದು ಟೇಬಲ್ ಮೇಲೆ ಉರಿಯುತ್ತಲೇ ಇರುತ್ತದೆ, ಅಲ್ವಾ? ಗೇಮಿಂಗ್ ಕೀಬೋರ್ಡಿನ ಏಳು ಬಣ್ಣದ ಬೆಳಕಿನ ಕಥೆಯೂ ಅಷ್ಟೇ. ನಂಬಬೇಕಾದ್ದು ಕೀಬೋರ್ಡಿನ ಮೇಲಿನ ನಮ್ ಲಾಕ್ (Num Lock) ದೀಪವನ್ನು. ಯುಎಸ್‌ಬಿ ಕೀಬೋರ್ಡು ಅದನ್ನು ತಾನಾಗಿ ಹಚ್ಚುವುದಿಲ್ಲ. ಕೀ ಒತ್ತಿದ ಸುದ್ದಿ ಕಂಪ್ಯೂಟರಿಗೆ ಹೋಗಬೇಕು, ಅಲ್ಲಿಂದ 'ಹಚ್ಚು' ಅಂತ ಅಪ್ಪಣೆ ವಾಪಸ್ ಬರಬೇಕು. ಒತ್ತಿದಾಗ ಹತ್ತಿ, ಮತ್ತೆ ಒತ್ತಿದಾಗ ಆರಿದರೆ ಇಬ್ಬರಿಗೂ ಮಾತುಕತೆ ಇದೆ ಎಂದರ್ಥ. ನಮ್ಮ ಹುಡುಗನದು ಹತ್ತಲೇ ಇಲ್ಲ.

ಯುಎಸ್‌ಬಿ ಎನ್ನುವುದು ಮೂಲದಲ್ಲಿ ಪರಿಚಯದ ವ್ಯವಹಾರ. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಬಂದು ಕೂತವರನ್ನು ನಾವು ಸುಮ್ನೆ ಬಿಡುತ್ತೇವೆಯೇ? ಯಾವ ಊರು, ಯಾರ ಕಡೆಯವರು, ಏನು ಮಾಡ್ಕೊಂಡಿದೀರಿ ಅಂತ ಕೇಳಿಯೇ ಕೇಳುತ್ತೇವೆ. ಇಲ್ಲೂ ಹಾಗೇ. ಕೀಬೋರ್ಡ್ ಸಿಕ್ಕಿಸಿದ ಕೂಡಲೇ ಅದು ಒಂದು ತಂತಿಯ ವೋಲ್ಟೇಜ್ ಏರಿಸಿ 'ಬಂದಿದ್ದೇನೆ' ಅನ್ನುತ್ತದೆ. ಬೋರ್ಡ್ ಅದಕ್ಕೆ 1ರಿಂದ 127ರೊಳಗೆ ಒಂದು ನಂಬರ್ ಕೊಟ್ಟು ವಿಚಾರಣೆ ಶುರು ಮಾಡುತ್ತದೆ. ಯಾವ ಕಂಪನಿ, ಯಾವ ಮಾಡೆಲ್, ಏನು ಕೆಲಸ, ಎಷ್ಟು ಕರೆಂಟ್ ಬೇಕು? ಉತ್ತರ ಸರಿಬಂದರೆ ಕೂರಿಸುತ್ತದೆ. ಯುಎಸ್‌ಬಿ 2ರ ನಿಯಮದಲ್ಲಿ ಪರಿಚಯ ಮುಗಿಯುವವರೆಗೆ 100 ಮಿಲಿಆಂಪ್‌ಗಿಂತ ಜಾಸ್ತಿ ಎಳೆಯುವಂತಿಲ್ಲ. ಆಮೇಲೆ 500ರವರೆಗೂ ಅನುಮತಿ ಸಿಗಬಹುದು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ತೊಂದರೆ ಏನೆಂದರೆ ಈ ಪರಿಚಯ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲು ಬಯಾಸ್‌ಗೆ, ಅಂದರೆ ಬೋರ್ಡಿನಲ್ಲೇ ಕೂತು ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಮಿಗೆ, ಹೇಳಬೇಕು. ವಿಂಡೋಸ್ ಹಾಕುವಾಗ ಇನ್‌ಸ್ಟಾಲರಿಗೆ ಇನ್ನೊಮ್ಮೆ. ಕೊನೆಗೆ ಕೂತ ವಿಂಡೋಸ್‌ಗೆ ಮತ್ತೊಮ್ಮೆ. ಹಿಂದಿನವರಿಗೆ ಹೇಳಿದ್ದು ಮುಂದಿನವರಿಗೆ ಲೆಕ್ಕಕ್ಕಿಲ್ಲ. ಅದರಲ್ಲೂ ಬಯಾಸ್‌ಗೆ ಲೋಕಜ್ಞಾನ ಕಮ್ಮಿ. ಅದಕ್ಕೆಂದೇ ಇರುವ ಸರಳ ಭಾಷೆಯಲ್ಲಿ ಒಂದು ಸಲಕ್ಕೆ 8 ಬೈಟ್ ಮಾತ್ರ. ಶಿಫ್ಟ್, ಕಂಟ್ರೋಲ್ ಥರದವನ್ನು ಬಿಟ್ಟರೆ ಒಟ್ಟಿಗೆ 6 ಕೀ. ಹತ್ತು ಬೆರಳೂ ಒಟ್ಟಿಗೆ ಒತ್ತಬಹುದು ಎಂದು ಜಂಬ ಕೊಚ್ಚುವ ದುಬಾರಿ ಕೀಬೋರ್ಡುಗಳು ಕೆಲವೊಮ್ಮೆ ಇಲ್ಲೇ ಎಡವುತ್ತವೆ. ಬ್ಯಾಂಕ್ ಕೌಂಟರಿನಲ್ಲಿರುವಂಥ ಸಾದಾ ಕಪ್ಪು ಕೀಬೋರ್ಡು ಸಲೀಸಾಗಿ ಪಾಸಾಗುತ್ತದೆ. ಇದು ನನಗೆ ಒಳಗೊಳಗೇ ಖುಷಿ ಕೊಡುವ ವಿಷಯ.

ಈ ಮರುಪರಿಚಯದ ಫಜೀತಿ ದೊಡ್ಡ ಪ್ರಮಾಣದಲ್ಲಿ ಕಂಡದ್ದು 2015ರಲ್ಲಿ. 2009ರ ವಿಂಡೋಸ್ 7ಕ್ಕೆ ಯುಎಸ್‌ಬಿ 3ರ ಕಂಟ್ರೋಲರನ್ನು, ಅಂದರೆ ಆ ಪೋರ್ಟುಗಳನ್ನು ನಡೆಸುವ ಭಾಗವನ್ನು, ಮಾತಾಡಿಸಲು ಬರುತ್ತಿರಲಿಲ್ಲ. ಬೋರ್ಡುಗಳಲ್ಲಿ ಯುಎಸ್‌ಬಿ 2ರ ಕಂಟ್ರೋಲರೂ ಇದ್ದದ್ದರಿಂದ ಹೇಗೋ ನಡೆಯುತ್ತಿತ್ತು. ಇಂಟೆಲ್‌ನ 100 ಸರಣಿಯ ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್) ಬಂದಾಗ ಆ ಹಳೆಯದನ್ನು ಕೈಬಿಟ್ಟರು. ಬಯಾಸ್‌ನಲ್ಲಿ ಕೀಬೋರ್ಡ್ ಗುಂಡುಕಲ್ಲಿನ ಹಾಗೆ ಗಟ್ಟಿ. ವಿಂಡೋಸ್ 7ರ ಡಿವಿಡಿ ಹಾಕಿ, 'ಭಾಷೆ ಆರಿಸಿ, ನೆಕ್ಸ್ಟ್ ಒತ್ತಿ' ಎಂಬ ಪರದೆ ಬಂತೋ, ಕೀಬೋರ್ಡೂ ಇಲ್ಲ, ಮೌಸೂ ಇಲ್ಲ. ಆ ಕಂಟ್ರೋಲರನ್ನು ಮಾತಾಡಿಸಲು ಕಲಿಸುವ ಡ್ರೈವರ್ ಎಂಬ ತಂತ್ರಾಂಶ ಹಾಕಿದರೆ ಸರಿಹೋಗುತ್ತದೆ. ಡ್ರೈವರ್ ಹಾಕಲು ಕೀಬೋರ್ಡ್ ಬೇಕು. ಇನ್ನೊಂದು ಕಂಪ್ಯೂಟರಿನಲ್ಲಿ ಕೂತು ಇನ್‌ಸ್ಟಾಲರಿನೊಳಗೇ ಡ್ರೈವರ್ ತುರುಕಿ ತರುವ ವಿದ್ಯೆಯನ್ನು ರಿಪೇರಿಯವರೆಲ್ಲ ಆಗ ಕಲಿಯಬೇಕಾಯಿತು.

ಹುಡುಗನ ಕಡೆ ಬರೋಣ. ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕು ಅಂದೆ. ಮುಂದಿನದು ಬೋರ್ಡಿಗೆ ಸೇರುವುದು ಒಂದು ಕೇಬಲ್ ಮೂಲಕ. ಆ ಕೇಬಲ್ ಸರಿಯಾಗಿ ಕೂತಿರದಿದ್ದರೆ ಪೋರ್ಟ್ ಬರೀ ಅಲಂಕಾರ. ಹಿಂದಿನದಕ್ಕೆ ಹಾಕಿದ, ಆಗಲಿಲ್ಲ. ಹಿಂಬದಿಯ ತಗಡಿನ ನಾಲಗೆ ಯಾವುದಾದರೂ ಪೋರ್ಟಿನೊಳಗೆ ಮಡಚಿಕೊಂಡಿದೆಯಾ ನೋಡು ಅಂದೆ. ಇಲ್ಲ. ವೈರ್‌ಲೆಸ್ ಆಗಿದ್ದರೆ ಅದರ ಸಿಗ್ನಲ್ ಹಿಡಿಯುವ ಡಾಂಗಲನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಿಂದ ದೂರ ಇಡು ಅನ್ನುತ್ತಿದ್ದೆ. ಯುಎಸ್‌ಬಿ 3ರ ಓಡಾಟ ಇಂಥ ವೈರ್‌ಲೆಸ್ ಸಾಧನಗಳು ಬಳಸುವ 2.4 ಗಿಗಾಹರ್ಟ್ಸ್ ಸುತ್ತ ಗಲಾಟೆ ಎಬ್ಬಿಸುತ್ತದೆ ಎಂದು ಇಂಟೆಲ್ಲೇ 2012ರಲ್ಲಿ ಬರೆದಿದೆ. ಇವನದು ವೈರ್ ಇರುವುದು. ಕೊನೆಗೆ, "ಬಯಾಸ್‌ನಲ್ಲಿ ಏನಾದರೂ ಮುಟ್ಟಿದ್ದೆಯಾ?" ಎಂದು ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಒಂದು ವಿಡಿಯೋ ನೋಡಿ ಫಾಸ್ಟ್ ಬೂಟ್‌ನಲ್ಲಿ ಅಲ್ಟ್ರಾ ಅಂತ ಇತ್ತು, ಅದನ್ನ ಹಾಕ್ದೆ. ಹಾಗೇ ಹಳೇ ಡಿಸ್ಕ್ ತೆಗೆದು ಹೊಸದು ಹಾಕ್ದೆ."

ಅಲ್ಲಿಗೆ ರೋಗ ಸಿಕ್ಕಿತು. ಬೇಗ ಆನ್ ಆಗಬೇಕೆಂದರೆ ಬೋರ್ಡ್ ಏನನ್ನಾದರೂ ಬಿಡಲೇಬೇಕು. ಬಿಡುವುದು ಈ ಕುಶಲಪ್ರಶ್ನೆಗಳನ್ನು. ಯುಎಸ್‌ಬಿಯವರನ್ನೆಲ್ಲ ವಿಂಡೋಸ್ ಬಂದ ಮೇಲೆ ಅದೇ ವಿಚಾರಿಸಿಕೊಳ್ಳಲಿ ಎಂದು ಮುಂದೆ ಹೋಗುತ್ತದೆ. ಇವನ ಹೊಸ ಡಿಸ್ಕಿನಲ್ಲಿ ವಿಂಡೋಸೇ ಇಲ್ಲ. ಸೆಟ್ಟಿಂಗ್ ಬದಲಿಸೋಣವೆಂದರೆ ಬಯಾಸ್ ಒಳಗೆ ಹೋಗಬೇಕು, ಹೋಗಲು ಡಿಲೀಟ್ ಒತ್ತಬೇಕು. ನಾಲ್ಕೈದು ಸೆಕೆಂಡ್ ಉಳಿಸಲು ಇಡೀ ಭಾನುವಾರ ಕೊಡುವ ಈ ವ್ಯಾಪಾರ ನನಗೆ ಯಾವತ್ತೂ ಅರ್ಥವಾಗಿಲ್ಲ. ಉಳಿದ ಆ ಸೆಕೆಂಡುಗಳಲ್ಲಿ ಯಾರು ಏನು ಸಾಧಿಸಿದ್ದಾರೋ!

ಇಂಥ ಹೊತ್ತಿಗೆ ಸಿಮಾಸ್, ಅಂದರೆ ಬಯಾಸ್ ತನ್ನ ಸೆಟ್ಟಿಂಗ್ ನೆನಪಿಟ್ಟುಕೊಳ್ಳುವ ಜಾಗ, ಕ್ಲಿಯರ್ ಮಾಡುವುದೊಂದೇ ದಾರಿ. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್ 2032 ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಡಬೇಕು. ಅಥವಾ ಅದಕ್ಕೆಂದೇ ಇರುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಕ್ಷಣಕಾಲ ಸೇರಿಸಬೇಕು. ಬದಲಿಸಿದ್ದನ್ನೆಲ್ಲ ಮರೆತು ಬೋರ್ಡ್ ಅಂಗಡಿಯಿಂದ ಬಂದ ದಿನದ ಸ್ಥಿತಿಗೆ ಹೋಗುತ್ತದೆ. ಹುಡುಗ ಅದನ್ನು ಮಾಡಿದ. ನಮ್ ಲಾಕ್ ಹತ್ತಿತು. ಅಕ್ಕ ಹಿಂದಿನಿಂದ, "ಬೋರ್ಡ್ ವಾಪಸ್ ಕೊಡೋದು ಬೇಡ್ವಂತಾ?" ಎಂದು ಕೇಳಿದ್ದು ಫೋನಿನಲ್ಲಿ ಕೇಳಿಸಿತು.

ನನ್ನನ್ನು ಕೇಳಿದರೆ, ಬೋರ್ಡ್ ಕೊಳ್ಳುವಾಗ ಹಿಂಬದಿಯಲ್ಲಿ ಅರ್ಧ ನೇರಳೆ, ಅರ್ಧ ಹಸಿರು ಬಣ್ಣದ ದುಂಡನೆಯ ಪೋರ್ಟ್ ಇದೆಯಾ ನೋಡಬೇಕು. ಪಿಎಸ್/2 ಅಂತ ಅದರ ಹೆಸರು. 1987ರಲ್ಲಿ ಐಬಿಎಂ ತನ್ನ ಅದೇ ಹೆಸರಿನ ಕಂಪ್ಯೂಟರುಗಳ ಜೊತೆ ತಂದದ್ದು. ಅದಕ್ಕೆ ಈ ಉದ್ದದ ವಿಚಾರಣೆ ಇಲ್ಲ. ಕೀ ಒತ್ತಿದರೆ ನೇರವಾಗಿ ಪ್ರೊಸೆಸರನ್ನು ತಡೆದು ಸುದ್ದಿ ಮುಟ್ಟಿಸುತ್ತದೆ. ಕಂಪ್ಯೂಟರ್ ಆನ್ ಇರುವಾಗ ಕಿತ್ತು ಹಾಕಬಾರದು, ಅದೊಂದೇ ಅದರ ಸಿಡುಕು. ಪೆನ್‌ಡ್ರೈವ್ ಭಯಕ್ಕೆ ಯುಎಸ್‌ಬಿ ಮುಚ್ಚಿಸುವ ಕಚೇರಿಗಳಲ್ಲೂ ಅದಕ್ಕೆ ಬೆಲೆ ಇದೆ.

ಎಸ್.ಪಿ. ರೋಡಿಗೆ ಹೋದಾಗ ಆ ಪಿನ್ನಿನ ಕೀಬೋರ್ಡ್ ಕೊಡಪ್ಪ ಅಂದೆ. ಅಂಗಡಿಯ ಹುಡುಗ, "ಸರ್, ಅದನ್ನ ಈಗ ಯಾರು ಕೇಳ್ತಾರೆ?" ಅನ್ನುತ್ತಲೇ ಅಟ್ಟದಿಂದ ಒಂದನ್ನು ಇಳಿಸಿ ಧೂಳು ಕೊಡವಿದ. ಯಾರೂ ಕೇಳದ ಮಾಲಿಗೆ ಅಷ್ಟು ರೇಟು ಯಾಕೆ ಎಂದು ಚೌಕಾಸಿ ಶುರು ಮಾಡಿದೆ. "ಬೇರೆ ಎಲ್ಲೂ ಸಿಗಲ್ಲ ಸರ್, ಅದಕ್ಕೆ" ಅಂದ.