ಬೆಲೆಯ ಮಾತೇ ಬರದ ಸೌಹಾರ್ದ ಸಭೆ

ನಿನ್ನೆ ನಮ್ಮೂರಲ್ಲಿ ಸರ್ವಧರ್ಮ ಸಭೆ ಇತ್ತು, ಹೋಗಿದ್ದೆ. ಸ್ವಾಮೀಜಿ, ಫಾದರ್, ಮೌಲ್ವಿಗಳು ಒಂದೇ ಸಾಲಿನಲ್ಲಿ ಕೂತು ಒಳ್ಳೆಯ ಮಾತೇ ಆಡಿದರು. ಮೂವರ ಮೇಲೂ ನನಗೆ ಗೌರವ ಇದೆ. ಆದರೆ ಎದುರಿಗೆ ಕೂತವರಲ್ಲಿ ಅರ್ಧಕ್ಕರ್ಧ ಜನ ಕಾಫಿ ಬೆಳೆಯುವವರು, ಇಲ್ಲ ತೋಟದ ಕೆಲಸಕ್ಕೆ ಹೋಗುವವರು. ಅವರ ಬೆಳೆಗೆ ಸಿಗುವ ಬೆಲೆ ಬಗ್ಗೆ, ಕೂಲಿ ಬಗ್ಗೆ ವೇದಿಕೆ ಮೇಲಿಂದ ಒಂದು ಮಾತೂ ಬರಲಿಲ್ಲ. ರಾತ್ರಿಯೆಲ್ಲಾ ಅದೇ ತಲೆಯಲ್ಲಿ ಕೊರೆಯುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಇದನ್ನೇ ಬೇರೆ ಥರ ಮಾಡಿದವರಿದ್ದಾರೆ. ಉಗಾಂಡಾದ ಎಂಬಾಲೆ ಊರಿನ ಸುತ್ತ, ಎಲ್ಗಾನ್ ಬೆಟ್ಟದ ತಪ್ಪಲಲ್ಲೂ ನಮ್ಮ ಹಾಗೇ ಅರೇಬಿಕಾ ಕಾಫಿ ಬೆಳೆಯುತ್ತಾರೆ. ಅಲ್ಲಿ ಜೆ. ಜೆ. ಕೆಕಿ ಅಂತ ಒಬ್ಬ ಯಹೂದಿ ರೈತ. ಅಬಯುದಯ ಅನ್ನುವ ಸಣ್ಣ ಸಮುದಾಯದವರು, ಸರ್ವಾಧಿಕಾರಿ ಇದಿ ಅಮೀನ್ ಕಾಲದಲ್ಲಿ ತಮ್ಮ ಧರ್ಮ ಪಾಲಿಸಲಿಕ್ಕೂ ಆಗದೆ ಹಿಂಸೆ ಅನುಭವಿಸಿದ್ದ ಜನ. 2001ರ ಸೆಪ್ಟೆಂಬರ್ 11ರಂದು ಕೆಕಿ ನ್ಯೂಯಾರ್ಕ್‌ನಲ್ಲಿದ್ದರು, ಅವಳಿ ಕಟ್ಟಡದ ದಾಳಿಯನ್ನು ಕಣ್ಣಾರೆ ಕಂಡರು. ಊರಿಗೆ ಬಂದವರು ಸಭೆ ಮಾಡಿ ಭಾಷಣಕ್ಕೆ ನಿಲ್ಲಲಿಲ್ಲ. ಮುಸ್ಲಿಂ, ಕ್ರೈಸ್ತ ನೆರೆಯವರ ಮನೆ ಮನೆಗೆ ಹೋಗಿ, ಕಾಫಿಯನ್ನು ಒಟ್ಟಿಗೆ ಮಾರೋಣ ಬನ್ನಿ ಅಂದರು. 2004ರಲ್ಲಿ ‘ಮಿರೆಂಬೆ ಕವೊಮೆರಾ’ ಸಹಕಾರ ಸಂಘ ಆಯಿತು. ಹೆಸರಿನ ಅರ್ಥ ‘ರುಚಿಯಾದ ಶಾಂತಿ’. ಪದಾಧಿಕಾರಿಗಳಲ್ಲೂ ಮೂರೂ ಧರ್ಮದವರು. ಕುಲಾನು ಎಂಬ ಯಹೂದಿ ಸಂಸ್ಥೆಯ ಲಾರಾ ವೆಟ್ಜ್‌ಲರ್ ಅಮೆರಿಕದ ಕಾಫಿ ಕಂಪನಿಗಳಿಗೆ ಒಂದಾದ ಮೇಲೊಂದು ಫೋನ್ ಮಾಡುತ್ತಾ ಹೋದರು. ಕೊನೆಗೆ ಕ್ಯಾಲಿಫೋರ್ನಿಯಾದ ಥ್ಯಾಂಕ್ಸ್‌ಗಿವಿಂಗ್ ಕಾಫಿ ಕಂಪನಿ ಫೇರ್‌ಟ್ರೇಡ್ ದರ, ಅಂದರೆ ಮಾರುಕಟ್ಟೆ ಬಿದ್ದರೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದ ದರ, ಕೊಟ್ಟು ಕೊಂಡಿತು.

ಆ ದರ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, 2001 ನೆನಪಿಸಿದರೆ ಸಾಕು. ಯಾವ ದೇಶ ಎಷ್ಟು ಕಾಫಿ ಮಾರಬಹುದು ಅನ್ನುವ ದೇಶ ದೇಶಗಳ ಕೋಟಾ ಒಪ್ಪಂದ 1989ರಲ್ಲಿ ಮುರಿದುಬಿತ್ತು. ಆಮೇಲೆ ಏರಿಳಿತಕ್ಕೆ ಕಡಿವಾಣವೇ ಇರಲಿಲ್ಲ. 2001ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಹೋಯಿತು. ಅದೇ ಹೊತ್ತಲ್ಲಿ ಫೇರ್‌ಟ್ರೇಡ್ ಸಂಘಗಳಿಗೆ ಸಿಗುತ್ತಿದ್ದದ್ದು 1.26 ಡಾಲರ್. ಆ ವರ್ಷ ಅಪ್ಪ ಕೆಳಗಿನ ಪಟ್ಟಿಯ ಹಣ್ಣನ್ನು ಕುಯ್ಯಿಸಲೇ ಇಲ್ಲ, ಕುಯ್ಯುವ ಕೂಲಿಯೂ ಹುಟ್ಟುತ್ತಿರಲಿಲ್ಲ. ಕುಯ್ಯಿಸಿದ್ದನ್ನು ಒಣಗಿಸಿ ಮೂಟೆ ಕಟ್ಟಿದರೆ, ವ್ಯಾಪಾರಿ ಒಂದು ಹಿಡಿ ಚೆರಿ (ಒಣಗಿದ ಹಣ್ಣು) ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಓಟಿ, ಅಂದರೆ ಸಿಪ್ಪೆ ಹೋಗಿ ಉಳಿಯುವ ಬೀಜದ ತೂಕ, ಇಷ್ಟೇ ಬಂತು ಅಂದ. ಮಾಯಿಶ್ಚರ್ (ತೇವ) ಜಾಸ್ತಿ ಅಂತ ಇನ್ನಷ್ಟು ಕಳೆದ. ಅಪ್ಪ ಸುಮ್ನೆ ಚೀಟಿ ತಗೊಂಡು ಬಂದರು. ಆ ಸಲ ಜಾತ್ರೆಗೂ ಹೋಗಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆ ಕಣದಲ್ಲಿ ಅಪ್ಪನ ಜೊತೆ ಯಾವ ಧರ್ಮದವರು ನಿಂತಿದ್ದರೂ ಓಟಿ ಅದೇ, ಚೀಟಿ ಅದೇ. ಅವರೆಲ್ಲ ಒಟ್ಟಿಗೆ ನಿಂತಿದ್ದರೆ ಚೀಟಿ ಬೇರೆ ಥರ ಇರುತ್ತಿತ್ತು ಅಲ್ವಾ?

ಬೆಲೆ ಏರಿತಲ್ಲ, ಇನ್ನೇನು ಅಂತೀರಿ. ಹೌದು, 2025ರ ಆರಂಭದಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಏರಿದ್ದು ಇಳಿಯುವುದನ್ನು ನಾವು ನೋಡಿಲ್ಲವಾ? ಇಳಿದಾಗ ಹಿಡಿಯಲಿಕ್ಕೆ ತಳ ಬೇಕು. ಫೇರ್‌ಟ್ರೇಡ್‌ನಲ್ಲಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಅರೇಬಿಕಾಕ್ಕೆ ಈ ತಳವನ್ನು 2023ರ ಆಗಸ್ಟ್‌ನಲ್ಲಿ 1.80 ಡಾಲರ್‌ಗೆ ಏರಿಸಿದರು. ಅದರ ಮೇಲೆ ಪ್ರೀಮಿಯಂ ಅಂತ ಬರುವ ಹೆಚ್ಚುವರಿ ಹಣವನ್ನು ಏನು ಮಾಡಬೇಕು ಅಂತ ರೈತರೇ ಸೇರಿ ತೀರ್ಮಾನಿಸುತ್ತಾರೆ.

ಇನ್ನೊಂದು ಮಾತೂ ಬರುತ್ತದೆ, ವ್ಯಾಪಾರದಲ್ಲಿ ಧರ್ಮ ಯಾಕೆ ತರ್ತೀರಿ ಅಂತ. ಫೇರ್‌ಟ್ರೇಡ್ ಮುದ್ರೆಯೇ ಹುಟ್ಟಿದ್ದು 1988ರಲ್ಲಿ, ಮೆಕ್ಸಿಕೋದ ಒಹಾಕಾದಲ್ಲಿ ರೈತರ ಜೊತೆ ದುಡಿಯುತ್ತಿದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡರ್ ಹೊಫ್ ಮತ್ತು ಚರ್ಚುಗಳ ನೆರವಿನ ಸಂಸ್ಥೆ ಸಾಲಿಡಾರಿಡಾಡ್‌ನ ನಿಕೊ ರೋಜನ್ ಅವರಿಂದ. ನಮ್ಮ ಕಾಫಿ ಬೀಜವನ್ನೇ ಯೆಮನ್‌ನಿಂದ ಒಬ್ಬ ಸೂಫಿ ಸಂತ, ಬಾಬಾ ಬುಡನ್, ತಂದರು ಅನ್ನುತ್ತೇವೆ. ಅವರ ಹೆಸರಿನ ಬಾಬಾಬುಡನ್‌ಗಿರಿಗಾಗಿ ಎಷ್ಟು ವರ್ಷ ಬಡಿದಾಡಿದ್ದೇವೆ! ಅದೇ ಗಿರಿಯ ಕೆಳಗಿನ ಸಣ್ಣ ಬೆಳೆಗಾರನ ಬೆಲೆಗಾಗಿ ಒಮ್ಮೆಯೂ ಒಟ್ಟಿಗೆ ಬೀದಿಗೆ ಇಳಿಯಲಿಲ್ಲ. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಫೇರ್‌ಟ್ರೇಡ್ ಸರ್ಟಿಫಿಕೇಟಿಗೆ ದುಡ್ಡು ಬೇಕು, ಕಾಗದಪತ್ರ ಬೇಕು, ಮೂರು ಎಕರೆಯವನಿಗೆ ಒಬ್ಬನಿಗೇ ಆಗದು, ಒಪ್ಪುತ್ತೇನೆ. ಅದಕ್ಕೇ ತಾನೇ ಸಂಘ ಬೇಕಾಗಿರುವುದು. ನಮ್ಮ ಮಠದ ಅಡುಗೆಮನೆ, ಚರ್ಚಿನ ಹಾಲ್, ಮದರಸಾ, ಎಲ್ಲ ಕಡೆಯೂ ವರ್ಷಪೂರ್ತಿ ಕಾಫಿ ಪುಡಿ ಬೇಕೇ ಬೇಕು. ಮೂವರೂ ಸೇರಿ ಹತ್ತಿರದ ಸಣ್ಣ ಬೆಳೆಗಾರರ ಗುಂಪಿನಿಂದಲೇ, ಮೊದಲೇ ಒಪ್ಪಿದ ದರಕ್ಕೆ ಕೊಂಡರೆ ಯಾರ ಅಪ್ಪಣೆಯೂ ಬೇಕಿಲ್ಲ.

ಮೂರೂ ಕಡೆ ಒಂದೊಂದು ಪತ್ರ ಬರೆದಿದ್ದೇನೆ, ಸೋಮವಾರ ಕೊಟ್ಟು ಬರುತ್ತೇನೆ. ಜೊತೆಗೆ ಬರುವವರು ಕಾಮೆಂಟಿನಲ್ಲಿ ಹೇಳಿ. ಕೊಡಗು, ಸಕಲೇಶಪುರ ಕಡೆ ಹೀಗೆ ಗುಂಪಾಗಿ ಮಾರುತ್ತಿರುವ ಬೆಳೆಗಾರರು ಗೊತ್ತಿದ್ದರೆ ಅವರನ್ನು ಟ್ಯಾಗ್ ಮಾಡಿ.