ಸೂರ್ಯಕಿರಣವೂ ಒಂದು ಗಿಡುಗವೂ

ನಮ್ಮ ಊರಿನಲ್ಲಿ ವಿಮಾನ ಅಂದರೆ ಕೇಳುವ ವಸ್ತು, ನೋಡುವುದಲ್ಲ. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಕಂಗಿನ ತೋಟದ ನಡುವೆ ನಮ್ಮ ಮನೆ. ಬಡಗಿಗೆ ಮಂಗಳೂರಿನ ವಿಮಾನ ನಿಲ್ದಾಣ, ತೆಂಕಿಗೆ 2018ರಿಂದ ಕಣ್ಣೂರಿನದ್ದು, ನಡುವಿನಲ್ಲಿ ನಾವು. ಗುಂಯ್ ಅಂತ ಸದ್ದು ಕೇಳಿ ಅಂಗಳಕ್ಕೆ ಓಡಿ ಬಂದು ಕತ್ತೆತ್ತಿದರೆ ಮೊದಲು ಕಂಗಿನ ಸೋಗೆ, ಅದರ ಮೇಲೆ ತೆಂಗಿನ ಮಡಲು, ಅದರ ಮೇಲೆ ಎಲ್ಲೋ ಒಂಚೂರು ಆಕಾಶ. ಆ ಒಂಚೂರಿನೊಳಗೆ ವಿಮಾನ ಬಂದದ್ದು ನಾನು ಕಂಡಿಲ್ಲ. ಅಪ್ಪ ಎಪ್ಪತ್ತೆರಡು ವರ್ಷದಿಂದ ಹೀಗೇ ಕತ್ತೆತ್ತುತ್ತಾ ಬಂದವರು.

ಹಾಗಾಗಿ 2023ರ ಫೆಬ್ರವರಿಯಲ್ಲಿ ಯಲಹಂಕದ ಭಾವ ಫೋನ್ ಮಾಡಿ "ಏರೋ ಇಂಡಿಯಾ ಏರ್ ಶೋ ಉಂಟು ಭಾವ, ಟಿಕೆಟ್ ತೆಗೆದಿದ್ದೇನೆ, ಬಂದುಬಿಡಿ" ಅಂದಾಗ ನನಗಿಂತ ಜಾಸ್ತಿ ಖುಷಿಯಾದದ್ದು ಅಪ್ಪನಿಗೆ. ಅವರು ಬರುವುದಿಲ್ಲ, ಮಂಡಿನೋವು. ಆದರೆ ಪೇಪರ್ ಓದಿ ಎಲ್ಲ ತಿಳಿದಿದ್ದಾರೆ. ವಾಯುಪಡೆಯ ಸೂರ್ಯಕಿರಣ ಹಾರಾಟ ತಂಡ ಶುರುವಾದದ್ದು 1996ರಲ್ಲಿ, ಅದರ ನೆಲೆ ನಮ್ಮ ಬೀದರ್, ಒಂಬತ್ತು ವಿಮಾನ, ಕೆಂಪು ಬಿಳಿ ಬಣ್ಣ, ಮೊದಲು ಕಿರಣ್ ವಿಮಾನ ಇತ್ತು, ಈಗ ಹಾಕ್. ಎಲ್ಲ ಹೇಳಿ ಕೊನೆಗೆ, "ಒಂದು ಒಳ್ಳೆ ಫೋಟೋ ತೆಗೆದುಕೊಂಡು ಬಾ, ಫ್ರೇಮ್ ಹಾಕಿಸಿ ಜಗಲಿಯಲ್ಲಿ ಇಡುವ" ಅಂದರು.

ನನ್ನ ಹತ್ತಿರ ಕ್ಯಾಮೆರಾ ಉಂಟಲ್ಲ, ಅದಕ್ಕೆ.

ಕ್ಯಾಮೆರಾ ಅಂದರೆ ದೊಡ್ಡದಲ್ಲ. ಚಿಕ್ಕಪ್ಪ ಬಹಳ ವರ್ಷದ ಹಿಂದೆ ಗಲ್ಫಿನಿಂದ ತಂದುಕೊಟ್ಟ, ಅಂಗಿಯ ಕಿಸೆಯಲ್ಲಿ ಹಿಡಿಸುವ ಡಿಜಿಟಲ್ ಕ್ಯಾಮೆರಾ. ಎರಡು ಪೆನ್ ಸೆಲ್ ಹಾಕಬೇಕು. ಈಗ ಎಲ್ಲರೂ ಫೋನಿನಲ್ಲೇ ತೆಗೆಯುತ್ತಾರೆ, ಗೊತ್ತು. ಆದರೆ ನನ್ನ ಫೋನಿಗೆ ಝೂಮ್ ಇಲ್ಲ, ಇದಕ್ಕೆ ಐದು ಪಟ್ಟು ಉಂಟು. ಐದು ಪಟ್ಟು ಅಂದರೆ ಕಡಿಮೆಯಾ? ಹೀಗಂತ ನಾನು ಊರಿಡೀ ಹೇಳಿಕೊಂಡು ತಿರುಗಿದೆ, ಅದೇ ತಪ್ಪಾಯಿತು.

ಹೊರಡುವ ಮೊದಲು ಒಂದು ವಾರ ಅಭ್ಯಾಸ ಮಾಡಿದೆ. ವಿಮಾನ ಸಿಗದ್ದಕ್ಕೆ ನೆರೆಮನೆಯ ಕೋಳಿಗಳ ಮೇಲೆ. ಓಡುವ ಕೋಳಿಯನ್ನು ನೋಡಿ ಗುಂಡಿ ಒತ್ತಿದರೆ ಬರುವುದು ಬಾಲ, ಇಲ್ಲವೇ ಕೋಳಿ ಈಗಷ್ಟೇ ನಿಂತಿದ್ದ ನೆಲ. ನೆರೆಮನೆಯ ದೊಡ್ಡಮ್ಮ ಬೇಲಿಯಾಚೆಯಿಂದ ನೋಡುತ್ತಿದ್ದರು. ಆ ತಿಂಗಳು ಗಿಡುಗ ಅವರ ನಾಲ್ಕು ಮರಿ ಕೊಂಡುಹೋಗಿತ್ತು. ಐದನೆಯದ್ದಕ್ಕೆ ನಾನು ಹೊಂಚು ಹಾಕುತ್ತಿದ್ದೇನೆ ಅಂತ ಅವರಿಗೆ ಕಂಡಿರಬೇಕು. "ಎಂತಕ್ಕೆ ನಮ್ಮ ಕೋಳಿಯ ಫೋಟೋ?" ಅಂತ ಕೇಳಿದರು. "ಏರ್ ಶೋಗೆ ದೊಡ್ಡಮ್ಮ" ಅಂದೆ. ಅವರು ಮತ್ತೆ ಮಾತಾಡಲಿಲ್ಲ, ಮರಿಗಳನ್ನು ಗೂಡಿಗೆ ಸೇರಿಸಿ ಬಾಗಿಲು ಹಾಕಿದರು.

ಸಂಜೆ ಕಾಸರಗೋಡಿನಲ್ಲಿ ಕಣ್ಣೂರು-ಬೆಂಗಳೂರು ರೈಲು ಹತ್ತಿ ಬೆಳಿಗ್ಗೆ ಇಳಿದೆ. ಭಾವನ ಮನೆಗೆ ಹೋದರೆ ಅವರದ್ದೇ ಒಂದು ದುಃಖ. ಏರ್ ಶೋ ಇದೆ ಅಂತ ಯಲಹಂಕದ ವಾಯುನೆಲೆಯ ಸುತ್ತ 10 ಕಿಲೋಮೀಟರ್ ಒಳಗೆ ಮಾಂಸದಂಗಡಿ ಬಂದ್ ಮಾಡಲು ಆದೇಶ. ಅಂಗಡಿಯ ಕಸಕ್ಕೆ ಹದ್ದು ಗಿಡುಗ ಬರುತ್ತವೆ, ಅವು ಹಾರುವ ವಿಮಾನಕ್ಕೆ ಬಡಿದರೆ ದೊಡ್ಡ ಅಪಾಯ. ಕಾರಣ ಸರಿಯೇ, ಆದರೆ ಎರಡು ವಾರದಿಂದ ಬರೀ ಬದನೆಕಾಯಿ ತಿಂದ ಭಾವನ ಮುಖ ನೋಡುವ ಹಾಗಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೆ ಕ್ಯಾಮೆರಾ ಆನ್ ಮಾಡಿದರೆ ಆಗಲಿಲ್ಲ. ಸೆಲ್ ಮುಗಿದಿದೆ. ಆ ಹೊತ್ತಿನಲ್ಲಿ ಅಂಗಡಿ ಎಲ್ಲಿ? ಟಿವಿ ರಿಮೋಟಿನ ಸೆಲ್ ಸಪೂರ, ಕೂರುವುದಿಲ್ಲ. ಭಾವ ಸುಮ್ಮನೆ ಕುರ್ಚಿ ಹತ್ತಿ ಹಾಲ್‌ನ ಗಡಿಯಾರದ್ದು ಒಂದು, ಅಡಿಗೆಮನೆಯ ಗಡಿಯಾರದ್ದು ಒಂದು ಸೆಲ್ ತೆಗೆದುಕೊಟ್ಟರು. ಅಕ್ಕ ಮಲಗಿದ್ದಳು. ಸಂಜೆ ಬರುವಾಗ ಹೊಸತು ತಂದು ಹಾಕಿದರಾಯಿತು ಅಂತ ಇಬ್ಬರೂ ಒಪ್ಪಿಕೊಂಡೆವು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ನಾವು ನಿಂತದ್ದು ಹಾರಾಟ ನೋಡಲಿಕ್ಕೆ ಅಂತಲೇ ಮಾಡಿದ ಬಯಲಿನಲ್ಲಿ. ನೆರಳಿಲ್ಲ. ನನ್ನ ಪಕ್ಕದಲ್ಲಿ ಒಬ್ಬ ಹುಡುಗ, ಅವನ ಕ್ಯಾಮೆರಾದ ಲೆನ್ಸ್ ನಮ್ಮ ಮನೆಯ ಕಡೆಯುವ ಕಲ್ಲಿನ ಗುಂಡಿನಷ್ಟು ದೊಡ್ಡದು. ನಾನು ಕಿಸೆಯಿಂದ ನನ್ನದನ್ನು ತೆಗೆದೆ. ಅವನು ಸಭ್ಯ, ನಗಲಿಲ್ಲ, ಬೇರೆ ಕಡೆ ತಿರುಗಿದ.

ಮೊದಲು ತಿಳಿದದ್ದು, ನನ್ನ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಬಿಸಿಲಿಗೆ ಏನೂ ಕಾಣುವುದಿಲ್ಲ ಅಂತ. ನನ್ನ ಮುಖವೇ ಕಾಣುತ್ತದೆ, ಬೆವರಿದ್ದು. ಕಣ್ಣಿಟ್ಟು ನೋಡುವ ಕಿಂಡಿ ನನ್ನ ಕ್ಯಾಮೆರಾಕ್ಕೆ ಇಲ್ಲ. ಆದರೆ ಕಾಸರಗೋಡಿನವನು ಬೈರಾಸು ಇಲ್ಲದೆ ಮನೆ ಬಿಟ್ಟಾನಾ? ಹೆಗಲಿನ ಬೈರಾಸು ತೆಗೆದು ತಲೆ ಮತ್ತು ಕ್ಯಾಮೆರಾ ಎರಡಕ್ಕೂ ಸೇರಿ ಹೊದ್ದುಕೊಂಡೆ, ಹಳೇ ಕಾಲದ ಸ್ಟುಡಿಯೋದವರ ಹಾಗೆ. ಈಗ ಪರದೆ ಕಂಡಿತು. ಪರದೆ ಮಾತ್ರ. ಆಕಾಶದ ಯಾವ ಮೂಲೆಯಿಂದ ವಿಮಾನ ಬರುತ್ತದೆ ಅಂತ ನೋಡಲಿಕ್ಕೆ ಬೈರಾಸು ಸರಿಸಬೇಕು, ಸರಿಸಿದರೆ ಪರದೆ ಕಾಣುವುದಿಲ್ಲ. ತೇಜಸ್ ಬಂದು ಹೋದಾಗ ನಾನು ಬೈರಾಸಿನ ಒಳಗಿದ್ದೆ. ಜನ ಚಪ್ಪಾಳೆ ತಟ್ಟಿದ್ದು ಕೇಳಿ ತಿಳಿಯಿತು.

ಎರಡನೆಯದ್ದು ಸದ್ದು. ನಮ್ಮ ಊರಿನ ಅಭ್ಯಾಸ, ಸದ್ದು ಕೇಳಿದ ಕಡೆ ನೋಡುವುದು. ಆದರೆ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ. ಒಂದು ಕಿಲೋಮೀಟರ್ ಆಚೆಯಿಂದ ನಮ್ಮ ಕಿವಿಗೆ ಬರಲಿಕ್ಕೆ ಮೂರು ಸೆಕೆಂಡ್ ಬೇಕು. ಅಷ್ಟರಲ್ಲಿ ವಿಮಾನ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಸುಖೋಯ್ ಬಂದಾಗ ಎದೆಯೊಳಗೆ ಚೆಂಡೆ ಬಾರಿಸಿದ ಹಾಗಾಯಿತು, ಸದ್ದು ಬಂದ ಕಡೆಗೆ ಪಟಪಟ ಹತ್ತು ಫೋಟೋ ತೆಗೆದೆ. ಹತ್ತರಲ್ಲೂ ಶುದ್ಧ ನೀಲಿ ಆಕಾಶ. ಆಕಾಶದ ಫೋಟೋ ಬೇಕಿದ್ದರೆ ಹೇಳಿ, ಬೇಕಾದಷ್ಟು ಉಂಟು.

ಆದರೆ ನಿಜವಾದ ಕಷ್ಟ ಗುಂಡಿಯದ್ದು. ನನ್ನ ಕ್ಯಾಮೆರಾದಲ್ಲಿ ಗುಂಡಿ ಒತ್ತಿದ ಮೇಲೆ ಅದು ಸ್ವಲ್ಪ ಯೋಚನೆ ಮಾಡುತ್ತದೆ. ಲೆನ್ಸ್ ಝೀಂಯ್ ಅಂತ ಹೊರಗೆ ಬರುತ್ತದೆ, ಝೀಂಯ್ ಅಂತ ಒಳಗೆ ಹೋಗುತ್ತದೆ, ಆಮೇಲೆ ಮನಸ್ಸಿದ್ದರೆ ಕ್ಲಿಕ್. ಕಡಿಮೆ ಅಂದರೂ ಅರ್ಧ ಸೆಕೆಂಡ್. ಮನೆಯವರನ್ನು ಸಾಲಾಗಿ ನಿಲ್ಲಿಸಿ ತೆಗೆಯುವಾಗ ಇದು ಗೊತ್ತಾಗುವುದೇ ಇಲ್ಲ, ಚಿಕ್ಕಮ್ಮ ಕಣ್ಣು ಮುಚ್ಚುತ್ತಾಳೆ ಅಷ್ಟೇ. ಗಂಟೆಗೆ 720 ಕಿಲೋಮೀಟರ್ ವೇಗದ ವಿಮಾನ ಅರ್ಧ ಸೆಕೆಂಡಿನಲ್ಲಿ 100 ಮೀಟರ್ ಹೋಗುತ್ತದೆ. ಒಂದು ಹಾಕ್ ವಿಮಾನದ ಉದ್ದ ಹನ್ನೆರಡು ಮೀಟರ್ ಚಿಲ್ಲರೆ. ಅಂದರೆ ನಾನು ಒತ್ತಿದ ಹೊತ್ತಿಗೂ ಕ್ಯಾಮೆರಾ ಒಪ್ಪಿದ ಹೊತ್ತಿಗೂ ನಡುವೆ ಎಂಟು ಹಾಕ್ ಸಾಲಾಗಿ ನಿಲ್ಲಿಸುವಷ್ಟು ಜಾಗ. ಕೋಳಿಯಲ್ಲೇ ಇದು ನನಗೆ ಅರ್ಥವಾಗಬೇಕಿತ್ತು.

ಝೀಂಯ್ ಸದ್ದನ್ನು ತಡೆದುಕೊಳ್ಳಲು ಆಗದೆ ಪಕ್ಕದ ಹುಡುಗ ಕೊನೆಗೆ ಬಾಯಿಬಿಟ್ಟ. "ಅಂಕಲ್, ಖಾಲಿ ಆಕಾಶದಲ್ಲಿ ಅದಕ್ಕೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ, ಅದಕ್ಕೇ ಹುಡುಕ್ತಾ ಇರುತ್ತೆ. ದೂರದ ಮರಕ್ಕೆ ಹಿಡಿದು ಗುಂಡಿ ಅರ್ಧ ಒತ್ತಿಟ್ಕೊಳ್ಳಿ, ಪ್ಲೇನ್ ಬಂದಾಗ ಅದರ ಜೊತೆಗೇ ಕ್ಯಾಮೆರಾ ತಿರುಗಿಸ್ತಾ ಪೂರ್ತಿ ಒತ್ತಿ. ಇಲ್ಲಾಂದ್ರೆ ಆ ಬೆಟ್ಟದ ಗುರುತು ಇದೆಯಲ್ಲ, ಅದನ್ನ ಹಾಕಿ, ಫೋಕಸ್ ದೂರಕ್ಕೇ ನಿಂತಿರುತ್ತೆ." ಅಂಕಲ್ ಅಂದದ್ದು ಸ್ವಲ್ಪ ನೋವಾಯಿತು, ನನಗಿನ್ನೂ ಮೂವತ್ತೆಂಟು. ಆದರೆ ಗುಡ್ಡದ ಗುರುತಿನ ವಿಷಯ ಕೇಳಿ ಅದಕ್ಕಿಂತ ದೊಡ್ಡ ಆಘಾತ. ಇಷ್ಟು ವರ್ಷ ಅದು ಗುಡ್ಡದ ಫೋಟೋ ತೆಗೆಯಲಿಕ್ಕೆ ಅಂತಲೇ ತಿಳಿದಿದ್ದೆ. ಪೊಸಡಿ ಗುಂಪೆ ಗುಡ್ಡಕ್ಕೆ ಹೋದಾಗ ಮಾತ್ರ ಹಾಕುತ್ತಿದ್ದೆ, ಇಳಿಯುವಾಗ ನೆನಪಿಟ್ಟು ತೆಗೆಯುತ್ತಿದ್ದೆ.

ಹುಡುಕಾಟ ನಿಂತಿತು, ಇನ್ನೊಂದು ಶುರುವಾಯಿತು. ಗುಂಡಿಗಳ ಮೇಲೆ ಬೆರಳಾಡಿಸುವಾಗ ಏನೋ ಒತ್ತಿಹೋಗಿ, ಮುಂದಿನ ವಿಮಾನ ಹತ್ತಿರ ಬಂದಾಗ ಕ್ಯಾಮೆರಾದ ಫ್ಲ್ಯಾಷ್ ಹೊಡೆಯಿತು. ನಡು ಮಧ್ಯಾಹ್ನ, ಬಟಾಬಯಲು, ಮೂರು ನಾಲ್ಕು ಮೀಟರ್ ಮಾತ್ರ ಹೋಗುವ ನನ್ನ ಫ್ಲ್ಯಾಷು, ಕಿಲೋಮೀಟರ್ ದೂರದ ಫೈಟರ್ ವಿಮಾನಕ್ಕೆ. ಮುಂದೆ ನಿಂತಿದ್ದ ಅಜ್ಜಿಯೊಬ್ಬರು ತಿರುಗಿ ನೋಡಿದರು. "ಪೈಲಟ್ ಕಣ್ಣು ಮುಚ್ಚಿಬಿಟ್ಟ ಅನ್ಸುತ್ತೆ ಅಂಕಲ್" ಅಂದ ಹುಡುಗ. ಈ ಸಲ ನಕ್ಕ. ಭಾವನೂ ನಕ್ಕರು, ಎರಡು ವಾರದಲ್ಲಿ ಮೊದಲ ಸಲ.

ನಡುವೆ ಸ್ವಲ್ಪ ಹೊತ್ತು ಹಾರಾಟ ಇರಲಿಲ್ಲ. ಆಗ ಆದೇಶ ಓದದ ಒಂದು ಗಿಡುಗ ಎಲ್ಲಿಂದಲೋ ಬಂದು ನಮ್ಮ ತಲೆಯ ಮೇಲೆಯೇ ಸುತ್ತು ಹೊಡೆಯಿತು, ನಿಧಾನಕ್ಕೆ, ರೆಕ್ಕೆ ಅಲ್ಲಾಡಿಸದೆ. ಗುಡ್ಡದ ಗುರುತು ಪರೀಕ್ಷೆ ಮಾಡುವ ಅಂತ ಒಂದು ಕ್ಲಿಕ್ ಮಾಡಿ ಮರೆತೆ.

ಆಮೇಲೆ ಸಾರಂಗ್. ನವಿಲಿನ ಬಣ್ಣ ಬಳಿದ ಧ್ರುವ ಹೆಲಿಕಾಪ್ಟರುಗಳು. ಇವು ನನ್ನ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ವೇಗ, ಚೆನ್ನಾಗಿಯೇ ಸಿಕ್ಕಿದವು, ಒಂದೇ ಒಂದು ದೋಷ. ಬಿಸಿಲು ಜಾಸ್ತಿ ಇದ್ದಾಗ ಕ್ಯಾಮೆರಾ ತಾನಾಗಿ ಕಣ್ಣನ್ನು ಸೆಕೆಂಡಿನ ಸಾವಿರದ ಒಂದು ಪಾಲು ಮಾತ್ರ ತೆರೆಯುತ್ತದೆ. ಜೆಟ್ ವಿಮಾನಕ್ಕೆ ಅದು ಒಳ್ಳೆಯದು. ಹೆಲಿಕಾಪ್ಟರಿನ ಫ್ಯಾನ್ ಮಾತ್ರ ಆ ಲೆಕ್ಕದಲ್ಲಿ ತಿರುಗುವುದೇ ಕಾಣುವುದಿಲ್ಲ, ಕಲ್ಲಿನ ಹಾಗೆ ನಿಂತುಬಿಡುತ್ತದೆ. ಫ್ಯಾನ್ ತಿರುಗಿದ ಹಾಗೆ ಬರಬೇಕಾದರೆ ಇನ್ನೂ ನಿಧಾನ ತೆರೆಯಬೇಕು. ನನ್ನ ಕ್ಯಾಮೆರಾ ಅದನ್ನೆಲ್ಲ ನನ್ನ ಕೈಗೆ ಕೊಡುವುದಿಲ್ಲ, ತಾನೇ ಯಜಮಾನ.

ಕೊನೆಗೆ ಸೂರ್ಯಕಿರಣ ಬಂತು. ಒಂಬತ್ತು ವಿಮಾನ, ಒಂದರ ರೆಕ್ಕೆಗೆ ಒಂದು ಅಂಟಿಸಿದ ಹಾಗೆ. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಕಟ್ಟಿದ ಹಾಕ್‌ಗಳು. ನಾನು ಬೈರಾಸು ಬಿಸಾಡಿದೆ, ಝೂಮ್ ಪೂರ್ತಿ ಎಳೆದೆ. ಪೂರ್ತಿ ಎಳೆದ ಮೇಲೂ ಒಂದು ಕಿಲೋಮೀಟರ್ ದೂರದ ಹಾಕ್ ಫೋಟೋದ ಅಗಲದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಬರುತ್ತದೆ ಅಂತ ಲೆಕ್ಕ ಆಮೇಲೆ ಹಾಕಿದೆ. ಆಗ ಡಿಜಿಟಲ್ ಝೂಮನ್ನೂ ಎಳೆದೆ. ಅದು ಝೂಮ್ ಅಲ್ಲ, ಇದ್ದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡುವ ಮೋಸ. ಎರಡು ವಿಮಾನ ಎದುರಾಬದುರಾ ಬಂದು ಅಡ್ಡ ದಾಟಿದವು, ನನಗೆ ಸಿಕ್ಕಿದ್ದು ಎರಡು ಗೆರೆ ಹೊಗೆ. ಹೊಗೆಯಲ್ಲಿ ಹೃದಯ ಬಿಡಿಸಿದವು, ಝೂಮ್ ಹಿಂದಕ್ಕೆ ಬರುವಷ್ಟರಲ್ಲಿ ಅರ್ಧ ಹೃದಯ ಸಿಕ್ಕಿತು, ಅದೂ ಕೆಳಗೆ ಭಾವನ ತಲೆಯ ಸಮೇತ.

ಒಂದು ಹಂತದಲ್ಲಿ ಕ್ಯಾಮೆರಾ ಕೆಳಗಿಳಿಸಿ ಸುಮ್ನೆ ಬಾಯಿಬಿಟ್ಟು ನೋಡಿದೆ. ಎರಡೇ ನಿಮಿಷ. ಅಷ್ಟರಲ್ಲಿ ಅಪ್ಪನ ನೆನಪಾಗಿ ಮತ್ತೆ ಎತ್ತಿದೆ. ಸೆಲ್ ಮುಗಿದಿತ್ತು.

ಹೌದು, ಸೆಲ್. ಹೊಸತು ತರಲು ನಮ್ಮಿಬ್ಬರಿಗೂ ಮರೆತುಹೋಯಿತು. ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿ ಮನೆ ಸೇರುವಾಗ ಕತ್ತಲಾಗಿತ್ತು. ನನಗೆ ರಾತ್ರಿಯ ರೈಲು. ಅಕ್ಕ ಆಗಷ್ಟೇ ಕೆಲಸದಿಂದ ಬಂದು ಗಡಿಯಾರ ನೋಡಿ "ಇನ್ನೂ ಆರೂ ಹತ್ತು, ಎಂತ ಅವಸರ, ನಿಧಾನ ಊಟ ಮಾಡಿ ಹೋಗು" ಅಂದಳು. ಹಾಲ್‌ನ ಗಡಿಯಾರ ಆರೂ ಹತ್ತು, ಅಡಿಗೆಮನೆಯದ್ದು ಆರೂ ಹನ್ನೊಂದು. ಎರಡು ಗಡಿಯಾರ ಒಂದೇ ಮಾತು ಹೇಳಿದ ಮೇಲೆ ಯಾರಿಗೆ ಸಂಶಯ ಬರುತ್ತದೆ? ಅಕ್ಕ ದೋಸೆಗೆ ಕಾವಲಿ ಇಟ್ಟಳು. ಮೂರನೇ ದೋಸೆಯ ಹೊತ್ತಿಗೆ ಭಾವ ಫೋನ್ ನೋಡಿದರು, ಮುಖ ಬಿಳಿಯಾಯಿತು. ಯಶವಂತಪುರದಲ್ಲಿ ಓಡುವ ಹೊತ್ತಿಗೆ ನನ್ನ ಒಂದು ಕೈಯಲ್ಲಿ ಬ್ಯಾಗು, ಒಂದು ಕೈಯಲ್ಲಿ ದೋಸೆ. ರೈಲು ಸಿಕ್ಕಿತು. ಅಕ್ಕ ಭಾವನ ಹತ್ತಿರ ಎರಡು ದಿನ ಮಾತಾಡಲಿಲ್ಲ ಅಂತ ಆಮೇಲೆ ಕೇಳಿದೆ.

ಮನೆಯಲ್ಲಿ ಅಪ್ಪ ಕನ್ನಡಕ ಒರೆಸಿ ಕೂತು 412 ಫೋಟೋ ಒಂದೂ ಬಿಡದೆ ನೋಡಿದರು. ಆಕಾಶಗಳನ್ನು ಮೌನವಾಗಿ ದಾಟಿಸಿದರು. ಸಾರಂಗ್ ಬಂದಾಗ ನಿಲ್ಲಿಸಿ, "ಫ್ಯಾನ್ ನಿಂತುಹೋಗಿದೆಯಲ್ಲ ಮಾರಾಯ, ಬೀಳಲಿಲ್ಲವಾ?" ಅಂತ ಗಾಬರಿಯಾದರು. ಸೂರ್ಯಕಿರಣದ ಫೋಟೋದಲ್ಲಿ ಒಂಬತ್ತು ಸಾಸಿವೆ ಇತ್ತು, ಎಣಿಸಿ ನೋಡಿ ಎಂಟೇ ಉಂಟು ಅಂದರು. ಒಂದು ಕಡೆ ಮಾತ್ರ ಬೆರಳು ನಿಂತಿತು. ನೀಲಿ ಆಕಾಶದ ನಡುವೆ, ಗರಿ ಗರಿ ಎಣಿಸುವ ಹಾಗೆ, ರೆಕ್ಕೆ ಅಗಲಿಸಿ ಬಾಲ ತಿರುಗಿಸಿದ ಗಿಡುಗ.

"ಇದು?"

"ಗಿಡುಗ ಅಪ್ಪ."

ಅಪ್ಪನ ಮುಖ ಇಳಿಯಿತು. ಏನಾದರೂ ಹೇಳಬೇಕಲ್ಲ ಅಂತ ಹೇಳಿದೆ, "ಸೂರ್ಯಕಿರಣದ ವಿಮಾನದ ಹೆಸರು ಹಾಕ್ ಅಲ್ವಾ, ಹಾಕ್ ಅಂದರೂ ಗಿಡುಗವೇ." ಪಕ್ಷಿ ಬಲ್ಲವರು ಹಾಕ್ ಬೇರೆ, ಇದು ಕೈಟ್ ಅನ್ನಬಹುದು, ಅವರನ್ನು ಆಗ ಕೇಳಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದರೆ ಸುಳ್ಳಾಗುವುದಿಲ್ಲ" ಅಂದರು.

ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಲು ಕೊಟ್ಟಾಗ ಅಲ್ಲಿನ ಮಲಯಾಳಿ ಹುಡುಗ "ಇದು ಪರುಂದ್ ಅಲ್ಲೇ?" ಅಂತ ಕೇಳಿದ. "ಅಲ್ಲ, ಹಾಕ್" ಅಂದೆ. ದುಡ್ಡು ತೆಗೆದುಕೊಂಡು ಸುಮ್ಮನಾದ. ಅಪ್ಪ ಫ್ರೇಮಿನ ಕೆಳಗೆ ತಮ್ಮ ಕೈಬರಹದಲ್ಲೇ "ಹಾಕ್, ಯಲಹಂಕ, 2023" ಅಂತ ಬರೆದು ಜಗಲಿಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ಏರ್ ಶೋದ್ದು ಅನ್ನುತ್ತಾರೆ. ಮೊನ್ನೆ ನೆರೆಮನೆಯ ದೊಡ್ಡಮ್ಮ ಮಜ್ಜಿಗೆಗೆ ಬಂದವರು ಅದರ ಎದುರು ನಿಂತು ಬಹಳ ಹೊತ್ತು ನೋಡಿದರು.

"ಇದೇ. ನಮ್ಮ ಮರಿ ಕೊಂಡುಹೋದ ಗಿಡಿ ಇದೇ. ಬೆಂಗಳೂರಿನವರೆಗೆ ಅದರ ಹಿಂದೆ ಹೋಗಿ ಬರೀ ಫೋಟೋ ತೆಗೆದುಕೊಂಡು ಬಂದೆಯಾ? ಒಂದು ಕಲ್ಲು ಬಿಸಾಡಬಾರದಿತ್ತಾ?"